ಸಮುದ್ರದ ಕಾಳು ಎಣಿಸಿದ ಹಾರ್ಡಿ

ಏಡಿ, ಸೀಗಡಿ ನಮಗೆಲ್ಲಾ ಗೊತ್ತು. ಅವುಗಳ ಬಳಗದಲ್ಲೇ ಅಕ್ಕಿಕಾಳಿಗಿಂತ ಸಣ್ಣದಾದ ಕ್ಯಾಲನಸ್ ಎಂಬ ಪ್ರಾಣಿ ಇದೆ. ಉದ್ದ ಸುಮಾರು 3 ಮಿಲಿಮೀಟರ್ ಅಷ್ಟೇ. ಇದು ಕ್ಯಾಲನಿಡೇ ಕುಟುಂಬಕ್ಕೆ ಸೇರಿದ್ದು. ಇಂಥಾ ಸಣ್ಣ ಜೀವಿಯ ಬೆನ್ನು ಹತ್ತಿದ ದೊಡ್ಡ ವಿಜ್ಞಾನಿ ಸರ್ ಅಲಿಸ್ಟರ್ ಹಾರ್ಡಿ.

ಹಾರ್ಡಿಯವರು 1896ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ, 1921ರಲ್ಲಿ ಲೋಸ್ಟಾಫ್ಟ್ ಬಂದರಿನ ಮೀನುಗಾರಿಕೆ ಪ್ರಯೋಗಾಲಯಕ್ಕೆ ಸೇರಿದರು. ಅಲ್ಲಿಯ ಬೆಸ್ತರಿಗೆ ಹೆರಿಂಗ್ ಮೀನೇ ಅನ್ನ. ಆದರೆ ಒಂದು ದಿನ ಬಲೆ ತುಂಬೋದು, ಇನ್ನೊಂದು ದಿನ ಬರೀ ನೀರು! ಹಾರ್ಡಿ ಹೆರಿಂಗ್‌ಗಳ ಹೊಟ್ಟೆ ಕೊಯ್ದು ನೋಡಿದರು. ಒಳಗೆ ಕ್ಯಾಲನಸ್ ಇತ್ತು. ನಮ್ಮ ದನ ಹುಲ್ಲು ಮೇಯುವ ಹಾಗೆ ಕ್ಯಾಲನಸ್ ಸಮುದ್ರದ ಸೂಕ್ಷ್ಮ ಪಾಚಿ ಮೇಯುತ್ತದೆ. ಅದನ್ನು ಮೀನು ತಿನ್ನುತ್ತದೆ, ಮೀನನ್ನು ಮನುಷ್ಯ ತಿನ್ನುತ್ತಾನೆ. ಕ್ಯಾಲನಸ್ ಹೆಚ್ಚಿದ್ದ ಕಡೆ ಹೆರಿಂಗ್ ಕೂಡ ಹೆಚ್ಚು ಸಿಗುತ್ತಿತ್ತು.

ಆದರೆ ಸಣ್ಣ ಬಲೆ ಇಳಿಬಿಟ್ಟರೆ ಒಂದು ಜಾಗದ ಲೆಕ್ಕ ಮಾತ್ರ ಸಿಕ್ಕೀತು. ಇಡೀ ಸಮುದ್ರದ್ದು ಹೇಗೆ? ಇದಕ್ಕೆ ಹಾರ್ಡಿ ಒಂದು ಯಂತ್ರ ಮಾಡಿದರು. 1925ರಿಂದ 1927ರವರೆಗೆ ಡಿಸ್ಕವರಿ ಹಡಗಿನಲ್ಲಿ ಅಂಟಾರ್ಕ್ಟಿಕದ ಕಡೆಗೆ ಹೋದಾಗ ಅದನ್ನು ಪರೀಕ್ಷೆ ಮಾಡಿದರು. ಹಡಗು ಎಳೆದಂತೆ ಯಂತ್ರದ ಚಕ್ರ ತಿರುಗುತ್ತದೆ, ಒಳಗಿನ ರೇಷ್ಮೆ ಬಟ್ಟೆ ನಿಧಾನ ಸುತ್ತಿಕೊಳ್ಳುತ್ತದೆ. ನೀರಲ್ಲಿರೋ ಸಣ್ಣ ಜೀವಿಗಳೆಲ್ಲ ಬಟ್ಟೆಯಲ್ಲಿ ಸಾಲಾಗಿ ಸಿಕ್ಕಿಬೀಳುತ್ತವೆ. ಯಾವ ಜೀವಿ ಎಲ್ಲಿ ಸಿಕ್ಕಿತೆಂದು ಬಟ್ಟೆ ಬಿಚ್ಚಿ ಹೇಳಬಹುದು.

1928ರಲ್ಲಿ ಹಾರ್ಡಿ ಹಲ್ ಪಟ್ಟಣದಲ್ಲಿ ಪ್ರಾಧ್ಯಾಪಕರಾದರು. 1931ರಿಂದ ಈ ಯಂತ್ರವನ್ನು ಸಾಮಾನು ಸಾಗಿಸುವ ಮಾಮೂಲಿ ಹಡಗುಗಳಿಗೇ ಕಟ್ಟಿ ಕಳಿಸತೊಡಗಿದರು. ಹಡಗು ತನ್ನ ಪಾಡಿಗೆ ಹೋಗುತ್ತಿತ್ತು, ಲೆಕ್ಕ ತಾನಾಗಿ ಆಗುತ್ತಿತ್ತು! 1946ರಲ್ಲಿ ಆಕ್ಸ್‌ಫರ್ಡ್‌ಗೆ ಹಿಂತಿರುಗಿದರು. 1957ರಲ್ಲಿ ಸರ್ ಪದವಿ ಬಂತು. 1985ರಲ್ಲಿ ತೀರಿಕೊಂಡರು.

ಆದರೆ ಅವರ ಯಂತ್ರ ನಿಲ್ಲಲಿಲ್ಲ. ಹತ್ತಾರು ವರ್ಷಗಳ ಲೆಕ್ಕ ಹೋಲಿಸಿದಾಗ 2002ರಲ್ಲಿ ವಿಜ್ಞಾನಿಗಳಿಗೆ ಒಂದು ಆತಂಕದ ಸಂಗತಿ ತಿಳಿಯಿತು. ನೀರು ಬಿಸಿಯಾಗಿ, ಯುರೋಪಿನ ಕಡಲುಗಳಲ್ಲಿ ಬೆಚ್ಚಗಿನ ನೀರಿನ ಜಾತಿಗಳು 40 ವರ್ಷದಲ್ಲಿ ಸುಮಾರು 10 ಅಕ್ಷಾಂಶ ಉತ್ತರಕ್ಕೆ ಸರಿದಿದ್ದವು. ಉತ್ತರ ಸಮುದ್ರದಲ್ಲಿ ತಂಪು ಬೇಕಾದ ಕ್ಯಾಲನಸ್ ಕಡಿಮೆಯಾಗಿ, ಅದರ ಇನ್ನೊಂದು ಜಾತಿ ಹೆಚ್ಚಾಗಿತ್ತು. ಅದು ಹೆಚ್ಚುವ ಕಾಲವೇ ಬೇರೆ. ಹೀಗಾಗಿ ಕಾಡ್ ಮೀನಿನ ಮರಿಗಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗದಂತಾಯಿತು.

ಒಂದು ವರ್ಷ ನೋಡಿ ಬಿಟ್ಟಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ನಾವೂ ನಮ್ಮೂರ ಮಳೆ, ಬಾವಿ ನೀರು, ಬರುವ ಹಕ್ಕಿಗಳ ಲೆಕ್ಕ ಬೇಸರಿಸದೆ ಬರೆದಿಡೋಣ. ಮುಂದೆ ಯಾರಿಗಾದರೂ ಬೇಕಾದೀತು.