ವಿದ್ಯಾಸಾಗರರೂ ಅವರ ಉಪಾಧ್ಯಾಯರೂ

ಬೇಸಗೆ ಬಂತೆಂದರೆ ನಮ್ಮ ದೇಶದ ವಿದ್ಯಾರ್ಥಿಗಳಿಗೆ ಎರಡು ನೆನಪುಗಳು ಒಟ್ಟಿಗೆ ಬರುತ್ತವೆ: ಒಂದು ಪರೀಕ್ಷೆ, ಇನ್ನೊಂದು ರಜ. ಮೊದಲನೆಯದನ್ನು ಯಾರು ತಂದರೆಂದು ಶಪಿಸುವವರುಂಟು. ಎರಡನೆಯದನ್ನು ಯಾರು ಕೊಟ್ಟರೆಂದು ವಿಚಾರಿಸುವವರು ವಿರಳ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಮಟ್ಟಿಗಂತೂ ಎರಡು ತಿಂಗಳ ಬೇಸಗೆಯ ರಜವನ್ನು ಜಾರಿಗೆ ತಂದವರು ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ಅದಕ್ಕೆ ಮುಂಚೆ ಅಲ್ಲಿ ಪಾಡ್ಯ, ಅಷ್ಟಮಿಗಳಂದು ಅನಧ್ಯಯನ. ಅವರು ಅದನ್ನು ಬಿಟ್ಟು ಭಾನುವಾರದ ಬಿಡುವನ್ನು ಗೊತ್ತುಮಾಡಿದರು. ಪಂಚಾಂಗದ ಪಂಡಿತರಿಗೆ ಇದು ಹೇಗೆ ಕಂಡಿತೋ! ವಿಧವಾ ವಿವಾಹಕ್ಕಾಗಿ ಹೋರಾಡಿ 1856ರ ಕಾಯಿದೆಯನ್ನು ತರಿಸಿದ ಮಹನೀಯರೆಂದು ಅವರನ್ನು ಎಲ್ಲರೂ ಬಲ್ಲರು. ಶಾಲೆಗಳಿಗೂ ಶಾಲೆಯ ಬಡ ಉಪಾಧ್ಯಾಯರಿಗೂ ಅವರು ಆಸರೆಯಾಗಿ ನಿಂತ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಅವರು ಹುಟ್ಟಿದ್ದು 1820ನೆಯ ಇಸವಿ ಸೆಪ್ಟೆಂಬರ್ 26ರಂದು, ವಂಗದೇಶದ ಬೀರಸಿಂಹ ಎಂಬ ಹಳ್ಳಿಯಲ್ಲಿ. ತಂದೆ ಠಾಕೂರದಾಸ ಬಂದ್ಯೋಪಾಧ್ಯಾಯರು, ತಾಯಿ ಭಗವತೀದೇವಿ. ತಂದೆ ಕಲ್ಕತ್ತೆಯಲ್ಲಿ ಅತ್ಯಲ್ಪ ಸಂಬಳದ ಚಾಕರಿಯಲ್ಲಿದ್ದರು. 1828ರಲ್ಲಿ ಎಂಟು ವರ್ಷದ ಮಗನನ್ನು ಓದಿಗಾಗಿ ರಾಜಧಾನಿಗೆ ಕರೆದುಕೊಂಡು ಹೊರಟರು, ಪ್ರಯಾಣವೆಲ್ಲ ಕಾಲ್ನಡಿಗೆ. ದಾರಿಯ ಪಕ್ಕದ ಮೈಲಿಗಲ್ಲುಗಳನ್ನು ಕಂಡು ಹುಡುಗ ಅವೇನೆಂದು ಕೇಳಿದ. ಹತ್ತೊಂಬತ್ತನೆಯ ಕಲ್ಲಿನಿಂದ ಮೊದಲಾಗಿ ಹತ್ತನೆಯದನ್ನು ಮುಟ್ಟುವಷ್ಟರಲ್ಲಿ ಇಂಗ್ಲಿಷ್ ಅಂಕಿಗಳೆಲ್ಲ ಅವನಿಗೆ ಬಂದುಬಿಟ್ಟವು. ತಂದೆಗೆ ಸಂಶಯ: ಇವನು ನಿಜವಾಗಿ ಕಲಿತನೋ, ಕ್ರಮವಾಗಿ ಎಣಿಸುತ್ತಿದ್ದಾನೋ? ಆರನೆಯ ಕಲ್ಲನ್ನು ಮಗನ ಕಣ್ಣಿಗೆ ಬೀಳದಂತೆ ದಾಟಿಸಿ, ಐದನೆಯದನ್ನು ತೋರಿಸಿ ಪ್ರಶ್ನೆ ಹಾಕಿದರು. ಇದು ಆರಾಗಬೇಕಿತ್ತು, ತಪ್ಪಿ ಐದೆಂದು ಕೆತ್ತಿದ್ದಾರೆ ಎಂದು ಹುಡುಗ ತೀರ್ಪು ಕೊಟ್ಟ. ಅವನು ಪಾಸಾದ ಮೊದಲನೆಯ ಪರೀಕ್ಷೆ ಇದೇ. ಪರೀಕ್ಷಕರೂ ಜಾಣರೇ ಎನ್ನಬೇಕು: ಬಾಯಿಪಾಠವನ್ನೂ ತಿಳಿವಳಿಕೆಯನ್ನೂ ಬೇರ್ಪಡಿಸುವ ಪ್ರಶ್ನೆ ಹಾಕಿದ್ದರು!

1829ರಲ್ಲಿ ಸಂಸ್ಕೃತ ಕಾಲೇಜಿಗೆ ಸೇರಿದ ಈಶ್ವರಚಂದ್ರ ಹತ್ತು ಹನ್ನೆರಡು ವರ್ಷ ಅಲ್ಲಿ ವ್ಯಾಕರಣ, ಕಾವ್ಯ, ಅಲಂಕಾರ, ವೇದಾಂತ, ಸ್ಮೃತಿ, ನ್ಯಾಯಗಳನ್ನು ಅಭ್ಯಾಸಮಾಡಿದ. ಮನೆಯಲ್ಲಿ ಅಡಿಗೆಯೂ ಅವನ ಪಾಲಿಗೇ; ರಾತ್ರಿ ತೂಕಡಿಸಿದರೆ ತಂದೆಯ ಏಟು. ಬೀದಿಯ ಗ್ಯಾಸ್ ದೀಪದ ಕೆಳಗೆ ಕುಳಿತು ಓದಿದನೆಂಬ ಕಥೆ ನಮ್ಮ ಪಾಠಪುಸ್ತಕಗಳಿಗೆ ಬಹು ಪ್ರಿಯ. ಆದರೆ ಕಲ್ಕತ್ತೆಯ ಬೀದಿಗಳಲ್ಲಿ ಗ್ಯಾಸ್ ದೀಪ ಹತ್ತಿದ್ದು 1857ರಲ್ಲಿ. ಆ ವೇಳೆಗೆ ಅವರು ಆ ಕಾಲೇಜಿನ ಪ್ರಿನ್ಸಿಪಾಲರೇ ಆಗಿದ್ದರು. ಬಡತನವೇನೋ ನಿಜ, ಅದಕ್ಕೆ ಈ ದೀಪದ ಸಾಕ್ಷಿ ಬೇಕಿಲ್ಲ.

ಮುಂದಿನ ಮೆಟ್ಟಿಲುಗಳನ್ನು ಬೇಗ ಹತ್ತಿಬಿಡೋಣ. 1841ರಲ್ಲಿ ಐವತ್ತು ರೂಪಾಯಿಯ ಮೇಲೆ ಫೋರ್ಟ್ ವಿಲಿಯಂ ಕಾಲೇಜಿನ ಪ್ರಧಾನ ಪಂಡಿತರು. 1846ರಲ್ಲಿ ಸಂಸ್ಕೃತ ಕಾಲೇಜಿನ ಸಹಾಯಕ ಕಾರ್ಯದರ್ಶಿ. ಮೇಲಿನವರೊಡನೆ ಹೊಂದದೆ ಮರುವರ್ಷವೇ ರಾಜೀನಾಮೆ. 1851ರ ಜನವರಿಯಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರು. ಬ್ರಾಹ್ಮಣ, ವೈದ್ಯರಿಗಷ್ಟೇ ತೆರೆದಿದ್ದ ಆ ಬಾಗಿಲನ್ನು ಅವರು ಮೊದಲು ಕಾಯಸ್ಥರಿಗೂ ಅನಂತರ ಇತರ ಹಿಂದೂಗಳಿಗೂ ತೆರೆಸಿದರು. ಸಂಸ್ಕೃತ ವ್ಯಾಕರಣವನ್ನು ಬಂಗಾಳಿಯಲ್ಲೇ ಸುಲಭವಾಗಿ ತಿಳಿಸುವ ಪುಸ್ತಕಗಳನ್ನು ಬರೆದರು. 1855ರಲ್ಲಿ ಹೊರಬಂದ ಅವರ ವರ್ಣಪರಿಚಯದಿಂದ ಅಕ್ಷರ ಕಲಿಯದ ಬಂಗಾಳಿ ಅಪರೂಪ. ಇಂಥ ಪುಸ್ತಕಗಳಿಂದ ಬಂದ ಹಣವೇ ಮುಂದೆ ಎಷ್ಟೋ ಮಂದಿಯ ಹೊಟ್ಟೆಯನ್ನು ಹೊರೆಯಿತು.

1855ರಲ್ಲಿ ಸರ್ಕಾರ ಅವರನ್ನು ದಕ್ಷಿಣ ವಂಗದ ಶಾಲೆಗಳ ವಿಶೇಷ ಇನ್‌ಸ್ಪೆಕ್ಟರನ್ನಾಗಿ ನೇಮಿಸಿತು. ಪ್ರಿನ್ಸಿಪಾಲರ ಮುನ್ನೂರರ ಮೇಲೆ ಇನ್ನೂರು, ಒಟ್ಟು ಐನೂರು ರೂಪಾಯಿ ವೇತನ. ನಾಡಿಯಾ, ಬರ್ದ್ವಾನ್, ಹೂಗ್ಲಿ, ಮಿಡ್ನಾಪುರ ಜಿಲ್ಲೆಗಳಲ್ಲಿ ಜಿಲ್ಲೆಗೆ ಐದರಂತೆ ಇಪ್ಪತ್ತು ಮಾದರಿ ಶಾಲೆಗಳನ್ನು ಅವರು ಕೆಲವೇ ತಿಂಗಳಲ್ಲಿ ನಿಲ್ಲಿಸಿದರು. ಶಾಲೆ ತೆರೆಯುವುದು ಸುಲಭ, ಉಪಾಧ್ಯಾಯರೆಲ್ಲಿ? ಈ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು. 1855ರ ಜುಲೈ ತಿಂಗಳಲ್ಲೇ ಸಂಸ್ಕೃತ ಕಾಲೇಜಿನ ಕಟ್ಟಡದಲ್ಲಿ ಒಂದು ನಾರ್ಮಲ್ ಸ್ಕೂಲು ಆರಂಭವಾಯಿತು. ಹೆಸರಾಂತ ಲೇಖಕರಾದ ಅಕ್ಷಯಕುಮಾರ ದತ್ತರು ಅದರ ಮುಖ್ಯೋಪಾಧ್ಯಾಯರು. ತಾನೇ ಅರಿಯದವನು ಇನ್ನೊಬ್ಬನಿಗೆ ಏನು ಕಲಿಸಿಯಾನು? ಬಂಗಾಳಿಯನ್ನು ಚೆನ್ನಾಗಿ ಬಲ್ಲ, ಲೋಕಜ್ಞಾನವುಳ್ಳ, ಮೂಢನಂಬಿಕೆಗಳಿಗೆ ಸಿಕ್ಕದ ಉಪಾಧ್ಯಾಯರು ಬೇಕೆಂಬುದೇ ಅವರ ಹಂಬಲ.

ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಘಟನೆ ಇದರ ಹಿಂದೆಯೇ ನಡೆಯಿತು. 1857ರ ನವೆಂಬರಿನಿಂದ 1858ರ ಮೇ ವರೆಗೆ, ಉತ್ತರದೇಶವೆಲ್ಲ ದಂಗೆಯ ಬೆಂಕಿಯಲ್ಲಿ ಬೇಯುತ್ತಿದ್ದಾಗ, ಈ ಬ್ರಾಹ್ಮಣ ಪಂಡಿತರು ಹಳ್ಳಿಹಳ್ಳಿ ತಿರುಗಿ ಹೆಣ್ಣುಮಕ್ಕಳಿಗಾಗಿ ಮೂವತ್ತೈದು ಶಾಲೆಗಳನ್ನು ತೆರೆದರು. ಸುಮಾರು 1,300 ಬಾಲಕಿಯರು ಸೇರಿದರು. ಊರವರು ಶಾಲೆಯ ಮನೆ ಒದಗಿಸುವುದು, ಸರ್ಕಾರ ಉಪಾಧ್ಯಾಯರ ಸಂಬಳ ಕೊಡುವುದು ಎಂಬುದು ಏರ್ಪಾಡು. ಲೆಫ್ಟಿನೆಂಟ್ ಗವರ್ನರ್ ಹ್ಯಾಲಿಡೆ ಸಾಹೇಬರ ಪ್ರೋತ್ಸಾಹವಿದ್ದುದರಿಂದ ವಿದ್ಯಾಸಾಗರರು ಬರೆಹದ ಮಂಜೂರಾತಿಗಾಗಿ ಕಾಯಲಿಲ್ಲ. ಆದರೆ ಆ ಬೇಸಗೆಯಲ್ಲಿ ಇಂಡಿಯಾ ಸರ್ಕಾರ ಹಣವಿಲ್ಲವೆಂದು ಕೈಯಾಡಿಸಿಬಿಟ್ಟಿತು. ದಂಗೆಯನ್ನಡಗಿಸುವ ವೆಚ್ಚದ ಮುಂದೆ ಹಳ್ಳಿಯ ಹುಡುಗಿಯರ ಅಕ್ಷರಾಭ್ಯಾಸ ಯಾವ ಲೆಕ್ಕ!

ಮೊದಲ ದಿನದಿಂದಲೂ ಉಪಾಧ್ಯಾಯರ ಕೈಗೆ ಒಂದು ಕಾಸೂ ಬಂದಿರಲಿಲ್ಲ. ತಿಂಗಳಿಗೆ 845 ರೂಪಾಯಿಯ ವೆಚ್ಚ; ಬಾಕಿ ಬೆಳೆದು 3,439 ರೂಪಾಯಿಯಾಯಿತು. ಆ ಬಡವರು ಸರ್ಕಾರವನ್ನು ಕಂಡವರಲ್ಲ, ಕಂಡದ್ದು ತಮ್ಮನ್ನು ನೇಮಿಸಿದ ಪಂಡಿತರನ್ನು. ಮೇಲಿನವರ ಆಜ್ಞೆ ಹೀಗೆ ಎಂದು ಹೇಳಿ ಅವರು ಕೈತೊಳೆದುಕೊಳ್ಳಬಹುದಾಗಿತ್ತು. ಎಷ್ಟು ಮಂದಿ ಅಧಿಕಾರಿಗಳು ಹಾಗೆ ತೊಳೆದುಕೊಂಡಿಲ್ಲ? ವಿದ್ಯಾಸಾಗರರು ಆ ಋಣ ತಮ್ಮದೆಂದು ಭಾವಿಸಿ, ಪತ್ರದ ಮೇಲೆ ಪತ್ರ ಬರೆದು ಸರ್ಕಾರದೊಡನೆ ವಾದಿಸಿದರು. ಕೊನೆಗೆ 1858ರ ಡಿಸೆಂಬರಿನಲ್ಲಿ ಹಳೆಯ ಬಾಕಿಯನ್ನು ತೀರಿಸಲು ಸರ್ಕಾರ ಒಪ್ಪಿತು. ಮುಂದಿನ ವೆಚ್ಚಕ್ಕೆ ಮಾತ್ರ ಒಪ್ಪಲಿಲ್ಲ.

ಅಷ್ಟರಲ್ಲಿ ಅವರು ಸರ್ಕಾರದ ಕೆಲಸವನ್ನೇ ಬಿಟ್ಟಾಗಿತ್ತು. ವಿದ್ಯಾ ಇಲಾಖೆಯ ಡೈರೆಕ್ಟರ್ ಗಾರ್ಡನ್ ಯಂಗ್ ಅವರೊಡನೆ ಮೊದಲಿಂದಲೂ ಮನಸ್ತಾಪ, ಆರೋಗ್ಯವೂ ಕೆಟ್ಟಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಪಿಂಚಣಿಯೂ ಇಲ್ಲದೆ ಐನೂರು ರೂಪಾಯಿಯ ಹುದ್ದೆಯಿಂದ ಇಳಿದು ಬಂದರು. ಬಂದವರು ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳ ಶಾಲೆಗಳಿಗಾಗಿ ಒಂದು ನಿಧಿಯನ್ನು ಏರ್ಪಡಿಸಿ, ಸ್ನೇಹಿತರಿಂದ ಚಂದಾ ಕೂಡಿಸಿ, ಸಾಲದ್ದನ್ನು ತಮ್ಮ ಗಂಟಿನಿಂದ ಹಾಕಿ, ಸಾಧ್ಯವಾದಷ್ಟು ಶಾಲೆಗಳನ್ನು ನಡೆಸಿದರು. ಇದನ್ನು ದಾನವೆಂದು ಕೆಲವರು ಹೊಗಳುತ್ತಾರೆ. ನನಗೆ ಇದು ಕೊಟ್ಟ ಮಾತಿನ ಲೆಕ್ಕವೆಂದೇ ತೋರುತ್ತದೆ.

ಕಲ್ಕತ್ತೆಯ ಮೆಟ್ರೋಪಾಲಿಟನ್ ಇನ್‌ಸ್ಟಿಟ್ಯೂಷನ್ ಅವರ ಕೊನೆಯ ದೊಡ್ಡ ಕೆಲಸ. 1872ರಲ್ಲಿ ಅದನ್ನು ಕಾಲೇಜಿನ ದರ್ಜೆಗೆ ಏರಿಸಿದಾಗ ದೇಶೀಯರೇ ಪಾಠ ಹೇಳುವ ಕಾಲೇಜಿನಿಂದ ಇಂಗ್ಲಿಷ್ ಬಂದೀತೇ ಎಂದು ಸಂದೇಹಪಟ್ಟವರು ಬಹಳ. ಅವರಿಗೆ ಉತ್ತರ ಕೊಟ್ಟದ್ದು ಪರೀಕ್ಷೆಯೇ: ಅಲ್ಲಿಂದ ಮೊದಲ ಸಲ ಎಫ್. ಎ. ಪರೀಕ್ಷೆಗೆ ಹೋದವರಲ್ಲಿ ಒಬ್ಬನು ಇಡೀ ವಿಶ್ವವಿದ್ಯಾಲಯದಲ್ಲಿ ಎರಡನೆಯವನಾಗಿ ಬಂದ. ಆ ಸಂಸ್ಥೆಯಲ್ಲಿ ಹುಡುಗರನ್ನು ಹೊಡೆಯಬಾರದೆಂಬುದು ಅವರ ಕಟ್ಟುನಿಟ್ಟು. ತಂದೆಯ ಏಟುಗಳನ್ನು ಮರೆತಿರಲಾರರು.

ಕನ್ನಡಿಗರಾದ ನಮಗೂ ಅವರ ಋಣವುಂಟು. ವಂಗ ಸಾಹಿತ್ಯವನ್ನು ಕನ್ನಡಕ್ಕೆ ಹರಿಸಿದ ಬಿ. ವೆಂಕಟಾಚಾರ್ಯರು ಮೊದಮೊದಲು ಕೈಹಾಕಿದ್ದು ವಿದ್ಯಾಸಾಗರರ ಭ್ರಾಂತಿವಿಲಾಸಕ್ಕೆ.

ಕೊನೆಗಾಲದಲ್ಲಿ ನಗರದ ಜನರಿಂದ ಬೇಸತ್ತು ಅವರು ಆಗಾಗ ಕರ್ಮಾಟಾಡಕ್ಕೆ ಹೋಗಿ ಸಂತಾಲರ ನಡುವೆ ಹೋಮಿಯೋಪಥಿ ಮದ್ದು ಕೊಡುತ್ತ ಕಾಲ ಕಳೆಯುತ್ತಿದ್ದರು. 1884ರಲ್ಲಿ ಚಂದ್ರಮುಖಿ ಬಸು ಎಂಬಾಕೆ ಕಲ್ಕತ್ತೆಯ ವಿಶ್ವವಿದ್ಯಾಲಯದ ಎಂ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು, ಹೆಂಗಸರಲ್ಲಿ ಅವರೇ ಮೊದಲಿಗರು. ಆಕೆ ಓದಿದ್ದು ಬೆಥೂನ್ ಶಾಲೆಯಿಂದ ಬೆಳೆದ ಕಾಲೇಜಿನಲ್ಲಿ, ಆ ಶಾಲೆಯ ಕಾರ್ಯದರ್ಶಿಯಾಗಿ ವಿದ್ಯಾಸಾಗರರು ಬಹುಕಾಲ ದುಡಿದಿದ್ದರು. ಸುದ್ದಿ ತಿಳಿದ ವೃದ್ಧ ಪಂಡಿತರು ಷೇಕ್ಸ್‌ಪಿಯರನ ಸಮಗ್ರ ಗ್ರಂಥಗಳನ್ನು ಆಕೆಗೆ ಉಡುಗೊರೆಯಾಗಿ ಕಳುಹಿಸಿದರು. ಅದಾದ ಏಳು ವರ್ಷಕ್ಕೆ, 1891ರ ಜುಲೈ 29ರಂದು, ಕಲ್ಕತ್ತೆಯಲ್ಲಿ ತೀರಿಕೊಂಡರು.