ಐತವಾರದ ಸೂಟಿ ಕೇಳಿದ ಲೋಖಂಡೆ

ನಮ್ಮ ಗೋಕಾಕದ ಕಡೆ ರಜೆಗೆ ಸೂಟಿ ಅಂತೀವಿ. ಮರಾಠಿಯ ಸುಟ್ಟಿಯೇ ನಮ್ಮ ಬಾಯಲ್ಲಿ ಸೂಟಿಯಾಗಿದೆ. ಸಾಲಿ ಸೂಟಿ, ಹಬ್ಬದ ಸೂಟಿ, ಐತವಾರದ ಸೂಟಿ. ಇವುಗಳಲ್ಲಿ ಐತವಾರದ ಸೂಟಿಯಂತೂ ಸೂರ್ಯ ಹುಟ್ಟಿದ ದಿನದಿಂದ ಇದ್ದೇ ಇದೆ ಎಂಬಂತೆ ಮಾತಾಡುತ್ತೇವೆ. ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರಿಗೆ ಅದು ಸಿಕ್ಕಿದ್ದು 1890ರ ಜೂನ್ 10ರಂದು. ಅದಕ್ಕಾಗಿ ಸುಮಾರು ಆರು ವರ್ಷ ಬೆನ್ನು ಹತ್ತಿದವರು ನಾರಾಯಣ ಮೇಘಾಜಿ ಲೋಖಂಡೆ.

ಮಹಾರಾಷ್ಟ್ರದಲ್ಲಿ ಈ ಹೆಸರು ಗೊತ್ತಿಲ್ಲದ ಕಾರ್ಮಿಕ ಸಂಘಟನೆ ಇರಲಿಕ್ಕಿಲ್ಲ. ಭಾರತದ ಕಾರ್ಮಿಕ ಚಳವಳಿಯ ಪಿತಾಮಹ ಎಂದೇ ಅಲ್ಲಿ ಅವರನ್ನು ಕರೆಯುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಕನ್ನಡದಲ್ಲಿ ಓದಿದ ನನಗೆ ಮಾತ್ರ ಈ ಹೆಸರು ಸಿಕ್ಕಿದ್ದು ಬೆಂಗಳೂರಿಗೆ ಬಂದಮೇಲೆ, ನನ್ನ ರೂಮಿನಲ್ಲೇ ಇರುವ ಸಾಂಗಲಿಯ ಗೆಳೆಯನಿಂದ. ಇಬ್ಬರೂ ಒಂದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುವವರು. ಶಿಫ್ಟ್ ಕಾಗದದ ಮೇಲೆ ಒಂಬತ್ತು ಗಂಟೆ, ಸೀಸನ್‌ನಲ್ಲಿ ಹನ್ನೆರಡು. ವೀಕ್ ಆಫ್ ಯಾವತ್ತು ಎನ್ನುವುದು ಹಿಂದಿನ ರಾತ್ರಿ ಮೊಬೈಲಿಗೆ ಮೆಸೇಜ್ ಬಂದಮೇಲೆ ಗೊತ್ತಾಗುತ್ತದೆ. ಹೀಗಾಗಿ ಲೋಖಂಡೆಯವರ ಬಗ್ಗೆ ಓದುವಾಗ ನನ್ನ ಕಣ್ಣು ಅವರ ಭಾಷಣಗಳಿಗಿಂತ ಹೆಚ್ಚಾಗಿ ಅವರು ಕೇಳಿದ ಗಂಟೆ, ತಾರೀಖುಗಳ ಮೇಲೆ ನಿಂತಿತು.

ಅವರು ಹುಟ್ಟಿದ್ದು 1848ರಲ್ಲಿ, ಠಾಣೆಯಲ್ಲಿ. ಮನೆತನದ ಮೂಲ ಪುಣೆ ಕಡೆಯ ಹಳ್ಳಿ, ಮಾಳಿ ಸಮುದಾಯ. ಓದು ಮುಗಿಸಿ ರೈಲ್ವೆಯಲ್ಲಿ, ಆಮೇಲೆ ಅಂಚೆಯಲ್ಲಿ ಸಣ್ಣ ನೌಕರಿ ಮಾಡಿದರು. ಅಲ್ಲಿಂದ ಮುಂಬಯಿಯ ಒಂದು ಬಟ್ಟೆ ಗಿರಣಿಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ. ಇದು ನನಗೆ ಮುಖ್ಯವಾಗಿ ಕಾಣುತ್ತದೆ. ಅವರು ಮಗ್ಗದ ಮುಂದೆ ನಿಂತವರಲ್ಲ. ಲೆಕ್ಕದ ಪುಸ್ತಕ, ಕುರ್ಚಿ, ತಿಂಗಳ ಸಂಬಳ ಇದ್ದವರು. ನಮ್ಮ ಗೋದಾಮಿನ ಭಾಷೆಯಲ್ಲಿ ಹೇಳುವುದಾದರೆ ಫ್ಲೋರ್ ಮೇಲಿನವರಲ್ಲ, ಆಫೀಸಿನವರು. ಉಗ್ರಾಣದಲ್ಲಿ ಕುಳಿತವನಿಗೆ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎನ್ನುವುದು ಕಣ್ಣಿಗೆ ಬೀಳುತ್ತದೆ. ಹಾಗೆ ಕಂಡದ್ದನ್ನು ಸುಮ್ಮನೆ ನೋಡುತ್ತ ಸಂಬಳ ತೆಗೆದುಕೊಂಡು ಬದುಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಆಗಿನ ಗಿರಣಿಯ ದಿನ ಹೇಗಿತ್ತು ಎನ್ನುವುದನ್ನು ಸ್ವಲ್ಪ ಹೇಳಬೇಕು. ಮುಂಬಯಿಯ ಮೊದಲ ಬಟ್ಟೆ ಗಿರಣಿ 1850ರ ದಶಕದಲ್ಲಿ ಶುರುವಾಯಿತು. ಮುಂದಿನ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಪರೇಲ, ಲಾಲಬಾಗ ಕಡೆಯೆಲ್ಲ ಚಿಮಣಿಗಳೆದ್ದವು. ರತ್ನಾಗಿರಿ, ಸಾತಾರ ಕಡೆಯ ಹಳ್ಳಿಗಳಿಂದ ಜನ ಬಂದು ಚಾಳಿನ ಒಂದೊಂದು ಕೋಣೆಯಲ್ಲಿ ಗುಂಪಾಗಿ ಉಳಿದರು. ಗಿರಣಿಯಲ್ಲಿ ವಿದ್ಯುತ್ ದೀಪ ಇರಲಿಲ್ಲ. ಆದ್ದರಿಂದ ಬೆಳಕು ಹರಿದಾಗ ಯಂತ್ರ ಶುರು, ಕತ್ತಲಾದಾಗ ಬಂದ್. ಕೆಲಸದ ಗಂಟೆಯನ್ನು ನಿರ್ಧರಿಸುತ್ತಿದ್ದುದು ಸೂರ್ಯ. ಚಳಿಗಾಲದಲ್ಲಿ ದಿನ ಚಿಕ್ಕದು, ದುಡಿಮೆ ಸ್ವಲ್ಪ ಕಡಿಮೆ. ಬೇಸಿಗೆಯಲ್ಲಿ 13 ಗಂಟೆ ದಾಟುತ್ತಿತ್ತು. ಸೆಕೆಯೂ ಹೆಚ್ಚು, ದುಡಿಮೆಯೂ ಹೆಚ್ಚು! ನೂಲು ಹರಿಯಬಾರದೆಂದು ಒಳಗೆ ಗಾಳಿಯನ್ನು ಒದ್ದೆಯಾಗಿ ಇಡುತ್ತಿದ್ದರು, ಹತ್ತಿಯ ಸಣ್ಣ ಎಳೆ ಮೂಗು ಬಾಯಿಗೆಲ್ಲ ಹೋಗುತ್ತಿತ್ತು. ಯಂತ್ರ ಓಡುತ್ತಿರುವಾಗಲೇ ಪಕ್ಕದವನಿಗೆ ನೋಡಿಕೋ ಎಂದು ಹೇಳಿ ರೊಟ್ಟಿ ಗಂಟು ಬಿಚ್ಚಬೇಕಾಗಿತ್ತು. ಹಬ್ಬಕ್ಕೆ ಅಷ್ಟಿಷ್ಟು ಸೂಟಿ ಇತ್ತು, ಯಂತ್ರ ಒರೆಸಿ ಎಣ್ಣೆ ಹಾಕುವುದಕ್ಕೆ ಗಿರಣಿ ನಿಲ್ಲಿಸುವ ದಿನವೂ ಇತ್ತು. ಆದರೆ ಯಂತ್ರ ಒರೆಸುವವರು ಯಾರು? ಅದೇ ಕೆಲಸಗಾರರು. ಅಂದರೆ ಸೂಟಿ ಯಂತ್ರಕ್ಕೆ.

1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು, ಏಳರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ 9 ಗಂಟೆ ಮೀರಬಾರದು, ಅವರಿಗೆ ತಿಂಗಳಿಗೆ ನಾಲ್ಕು ರಜೆ ಕೊಡಬೇಕು. ಏಳು ವರ್ಷದ ಮಗುವಿಗೆ ಒಂಬತ್ತು ಗಂಟೆ ಎನ್ನುವುದು ಆಗ ಸುಧಾರಣೆ! ದೊಡ್ಡವರ ಗಂಟೆ, ರಜೆಯ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಮಾತೂ ಇರಲಿಲ್ಲ.

ಅಷ್ಟೊತ್ತಿಗೆ ಲೋಖಂಡೆ ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಒಡನಾಟಕ್ಕೆ ಬಂದಿದ್ದರು. ಪುಣೆಯಲ್ಲಿ ಕೃಷ್ಣರಾವ್ ಭಾಲೇಕರ್ 1877ರಲ್ಲಿ ಶುರುಮಾಡಿದ್ದ ದೀನಬಂಧು ಪತ್ರಿಕೆ ಸೊರಗಿತ್ತು. 1880ರಲ್ಲಿ ಅದನ್ನು ಲೋಖಂಡೆ ಕೈಗೆತ್ತಿಕೊಂಡು ಮುಂಬಯಿಗೆ ತಂದರು. ಆಮೇಲೆ ಅವರ ಬದುಕು ಆ ಪತ್ರಿಕೆಯೂ ಗಿರಣಿಗಳೂ ಆಗಿಹೋಯಿತು.

1884ರಲ್ಲಿ ಮುಂಬಯಿ ಸರಕಾರ ಕಾರ್ಖಾನೆಗಳ ಸ್ಥಿತಿ ನೋಡಲು ಆಯೋಗ ನೇಮಿಸಿತು. ಲೋಖಂಡೆ ಸೆಪ್ಟೆಂಬರ್‌ನಲ್ಲಿ ಗಿರಣಿ ಕೆಲಸಗಾರರ ಸಭೆ ಕರೆದರು. ಅಲ್ಲಿ ಒಪ್ಪಿದ ಮನವಿಗೆ ಸುಮಾರು 5,500 ಜನ ಒಪ್ಪಿಗೆಯ ಗುರುತು ಹಾಕಿದರು. ಆ ಮನವಿಯಲ್ಲಿ ಏನಿತ್ತು ಎನ್ನುವುದೇ ನನ್ನನ್ನು ಹಿಡಿದದ್ದು. ಪ್ರತಿ ಐತವಾರ ಪೂರ್ಣ ಸೂಟಿ ಬೇಕು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ಕೆಲಸ ಬೆಳಿಗ್ಗೆ ಆರೂವರೆಗೆ ಶುರುವಾಗಿ ಸೂರ್ಯ ಮುಳುಗುವಾಗ ಮುಗಿಯಬೇಕು. ಒಂದು ತಿಂಗಳ ಪಗಾರ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕೈಗೆ ಬರಬೇಕು. ಕೆಲಸ ಮಾಡುವಾಗ ಗಾಯವಾದರೆ ವಾಸಿಯಾಗುವವರೆಗೆ ಪೂರ್ತಿ ಪಗಾರ, ಅಂಗವೇ ಊನವಾದರೆ ಬದುಕಿಗೆ ಆಸರೆ.

ನೋಡಿ, ಎಂಟು ಗಂಟೆ ಕೆಲಸ ಎಂದು ಅವರು ಕೇಳಲಿಲ್ಲ. ಆರೂವರೆಯಿಂದ ಸೂರ್ಯಾಸ್ತ ಎಂದರೆ ಹನ್ನೆರಡು ಗಂಟೆಯ ಹತ್ತಿರ. ಇಂದಿನವರಿಗೆ ಇದು ಬಹಳ ಸಣ್ಣ ಬೇಡಿಕೆ ಎನಿಸಬಹುದು, ನನ್ನ ಗೆಳೆಯನಿಗೆ ಹಾಗೇ ಅನಿಸಿತು, ನಾವಿಬ್ಬರೂ ಇದರ ಬಗ್ಗೆ ಜಗಳ ಆಡಿದ್ದೇವೆ. ನನಗೆ ಅದರಲ್ಲೇ ಅವರ ಜಾಣತನ ಕಾಣುತ್ತದೆ. ಒಂದೊಂದು ಬೇಡಿಕೆಯನ್ನೂ ಗಡಿಯಾರ ನೋಡಿ, ಕ್ಯಾಲೆಂಡರ್ ನೋಡಿ ಅಳೆಯಬಹುದು. ಕೊಟ್ಟರೋ ಇಲ್ಲವೋ ಎಂದು ಅಕ್ಷರ ಬಾರದವನೂ ಹೇಳಬಲ್ಲ. ಕೆಲಸಗಾರರ ಕ್ಷೇಮವೇ ನಮ್ಮ ಗುರಿ ಎಂಬ ಬೋರ್ಡು ನಮ್ಮ ಕ್ಯಾಂಟೀನಿನಲ್ಲೂ ಇದೆ. ಅದನ್ನು ಹೇಗೆ ಅಳೆಯುವುದು? ಊಟಕ್ಕೆ ಅರ್ಧ ಗಂಟೆ ಎಂದರೆ ಮೂವತ್ತು ನಿಮಿಷ, ಇಪ್ಪತ್ತೆರಡಲ್ಲ.

ಐತವಾರವನ್ನೇ ಯಾಕೆ ಕೇಳಿದರು ಎಂಬುದಕ್ಕೂ ಕಾರಣ ಹುಡುಕಬಹುದು. ಕಚೇರಿಗಳಿಗೆ ಆಗಲೇ ಆ ದಿನ ರಜೆ ಇತ್ತು. ಜತೆಗೆ ಆ ಜನರಿಗೆ ಅದು ಖಂಡೋಬನ ವಾರ, ಅಂದರೆ ನಮ್ಮ ಮೈಲಾರಲಿಂಗನ ವಾರ. ದೇವರಿಗೆ ಹೋಗಲು, ಬಟ್ಟೆ ಒಗೆಯಲು, ಮಕ್ಕಳ ಮುಖವನ್ನು ಬೆಳಕಿನಲ್ಲಿ ನೋಡಲು ಎಲ್ಲರಿಗೂ ಒಂದೇ ದಿನ. ಬೇರೆ ಬೇರೆ ದಿನ ಸೂಟಿ ಇದ್ದರೆ ದೇಹಕ್ಕೆ ವಿಶ್ರಾಂತಿ ಸಿಗುತ್ತದೆ, ಒಡನಾಟ ಸಿಗುವುದಿಲ್ಲ. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ ಆಫ್ ತೆಗೆದುಕೊಳ್ಳುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಹೊತ್ತಿನಲ್ಲಿ ಅವರು ಗಿರಣಿ ಕೆಲಸಗಾರರ ಸಂಘವನ್ನೂ ಕಟ್ಟಿದರು. ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಎಂದು ಅದರ ಹೆಸರು, ಭಾರತದ ಮೊದಲ ಕಾರ್ಮಿಕ ಸಂಘ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಇಂದಿನ ಅರ್ಥದ ಯೂನಿಯನ್ ಅದಲ್ಲ. ಸದಸ್ಯರ ಪಟ್ಟಿ, ಚಂದಾ, ನಿಧಿ, ನಿಯಮಾವಳಿ ಯಾವುದೂ ಇರಲಿಲ್ಲ. ಲೋಖಂಡೆ ಅಧ್ಯಕ್ಷರು, ಯಾರಿಗೆ ತೊಂದರೆಯೋ ಅವರು ಬಂದು ಹೇಳುವುದು, ಇವರು ಬರೆದುಕೊಡುವುದು. ಅದರಿಂದ ಅದರ ಬೆಲೆ ಕಡಿಮೆಯಾಯಿತು ಎಂದು ನನಗೆ ಅನಿಸುವುದಿಲ್ಲ. ಹೆಬ್ಬೆಟ್ಟಿನ ಜನಕ್ಕೆ ಬರೆದುಕೊಡುವ ಒಂದು ಕೈ ಬೇಕಾಗಿತ್ತು.

ಆಯೋಗ ವರದಿ ಕೊಟ್ಟಿತು, ದೊಡ್ಡವರಿಗೆ ಏನೂ ಬರಲಿಲ್ಲ. ವರ್ಷಗಳು ಹೋದವು. ಈ ನಡುವೆ ಒಂದು ವಿಚಿತ್ರ ಸಂಕಟ. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿ ಮಾಲೀಕರೂ ಭಾರತದಲ್ಲಿ ಕಾರ್ಖಾನೆ ಕಾನೂನು ಬಿಗಿಯಾಗಲಿ ಎಂದು ಒತ್ತಾಯಿಸುತ್ತಿದ್ದರು. ಮುಂಬಯಿಯ ಅಗ್ಗದ ನೂಲು ಅವರ ವ್ಯಾಪಾರಕ್ಕೆ ಪೆಟ್ಟು ಕೊಡುತ್ತಿತ್ತಲ್ಲ, ಅದಕ್ಕೆ. ಹೀಗಾಗಿ ಇಲ್ಲಿಯ ಹಲವು ದೇಶಾಭಿಮಾನಿ ಪತ್ರಿಕೆಗಳು ಕಾರ್ಮಿಕ ಕಾನೂನನ್ನೇ ವಿರೋಧಿಸಿದವು. ದೇಶದ ಉದ್ಯಮ ಉಳಿಯಬೇಕಾದರೆ ಗಿರಣಿಗೆ ಕಟ್ಟು ಹಾಕಬಾರದು ಎಂಬುದು ಅವರ ವಾದ. ಲ್ಯಾಂಕಾಷೈರ್‌ನವರ ಸ್ವಾರ್ಥ ಸುಳ್ಳಲ್ಲ. ಆದರೆ ಅವರಿಗೆ ಸ್ವಾರ್ಥವಿದೆ ಎಂಬ ಕಾರಣಕ್ಕೆ ಪರೇಲದ ಹೆಂಗಸಿನ ಕಾಲುನೋವು ಸುಳ್ಳಾಗುತ್ತದೆಯೇ? ದೀನಬಂಧು ಈ ಕಡೆ ನಿಂತಿತು. ದೇಶಕ್ಕಾಗಿ ಹೆಚ್ಚು ಗಂಟೆ ದುಡಿಯಿರಿ ಎನ್ನುವ ಮಾತು ಇವತ್ತು ದೊಡ್ಡವರ ಬಾಯಲ್ಲಿ ಕೇಳಿದಾಗೆಲ್ಲ ನನಗೆ ಆ ವಾದದ ನೆನಪಾಗುತ್ತದೆ.

ಹಾಗೆಂದು ಲೋಖಂಡೆ ಎಲ್ಲದರಲ್ಲೂ ಎದೆಗಾರರಾಗಿದ್ದರು ಎಂದು ಬರೆದರೆ ತಪ್ಪಾಗುತ್ತದೆ. ರೈತರ ಪಾಡಿನ ಬಗ್ಗೆ ಫುಲೆಯವರು ಬರೆದ ಪುಸ್ತಕವನ್ನು ದೀನಬಂಧುವಿನಲ್ಲಿ ಅಚ್ಚು ಮಾಡಲು ತೊಡಗಿ, ನಡುವೆಯೇ ನಿಲ್ಲಿಸಿದರು. ಸರಕಾರದ ಬಗೆಗಿನ ಖಾರ ಹೆಚ್ಚಾಯಿತೆಂಬ ಅಂಜಿಕೆ. ಫುಲೆಯವರಿಗೆ ಇದು ಬಹಳ ನೋವು ತಂದಿತು. ಅರ್ಜಿ ಬರೆಯುವವರು, ಆಳುವವರ ಮನ ಒಲಿಸುವವರು ಲೋಖಂಡೆ. ಅವರ ದಾರಿ ಅದು. ಇನ್ನೊಂದು ಕಡೆ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ಮುಂಬಯಿಯ ಕ್ಷೌರಿಕರು 1890ರಲ್ಲಿ ನಿರ್ಧರಿಸಿದಾಗ ಅದರ ಹಿಂದೆಯೂ ಇದೇ ಲೋಖಂಡೆ ಇದ್ದರು.

ಅದೇ ವರ್ಷ ಏಪ್ರಿಲ್ 24. ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಬಳಿ ಸುಮಾರು 10,000 ಗಿರಣಿ ಕೆಲಸಗಾರರು ಸೇರಿದರು. ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. 1890ರಲ್ಲಿ, ಹತ್ತು ಸಾವಿರ ಜನರ ಎದುರು! ಅವರ ಹೆಸರು ಎಲ್ಲರ ಬಾಯಲ್ಲಿ ಉಳಿಯಬೇಕಾಗಿತ್ತು. ಸಭೆ ಐತವಾರದ ಸೂಟಿಯ ಮನವಿಯನ್ನು ಗಿರಣಿ ಮಾಲೀಕರ ಸಂಘಕ್ಕೆ ಕಳಿಸಿತು. ಜೂನ್ 10ರಂದು ಮಾಲೀಕರು ಸಭೆ ಸೇರಿ ವಾರಕ್ಕೊಂದು ಸೂಟಿಗೆ ಒಪ್ಪಿದರು. ಆ ವರ್ಷದ ಕಾರ್ಖಾನೆ ಆಯೋಗದ ಕೆಲಸಕ್ಕೂ ಲೋಖಂಡೆಯವರ ನೆರವು ತೆಗೆದುಕೊಂಡರು. ಮರುವರ್ಷ, 1891ರಲ್ಲಿ ಹೊಸ ಕಾಯ್ದೆ ಬಂತು. ವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು ಕಾನೂನಾದವು. ಹೆಂಗಸರಿಗೆ ದಿನಕ್ಕೆ 11 ಗಂಟೆ ಮಿತಿ, ಒಂಬತ್ತರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ 7 ಗಂಟೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಶುರುವಾದದ್ದೂ 1880ರ ದಶಕದಲ್ಲೇ, ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದ ಭಾಗ. ನಮ್ಮೂರ ಕಡೆ ಸೂಟಿ ಎಂಬ ಶಬ್ದ ಗಿರಣಿಯ ಭೋಂಗಾದ ಜತೆಗೇ ಕಿವಿಗೆ ಬೀಳುತ್ತಿತ್ತು ಎಂದುಕೊಂಡರೆ ನನಗೆ ಒಂಥರಾ ಖುಷಿ.

ಗಂಡಸರ ಗಂಟೆಗೆ ಮಾತ್ರ 1891ರಲ್ಲೂ ಮಿತಿ ಬರಲಿಲ್ಲ. ಮುಂದೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಿರಣಿಗಳಿಗೆ ವಿದ್ಯುತ್ ದೀಪ ಬಂದಾಗ ಸೂರ್ಯನ ಹಂಗೂ ತಪ್ಪಿತು. ಕತ್ತಲಾದರೂ ಯಂತ್ರ ನಿಲ್ಲದೆ ಕೆಲಸದ ದಿನ ಮತ್ತಷ್ಟು ಉದ್ದವಾಯಿತು. ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಹಾಕಲು 1911ರ ಕಾಯ್ದೆಯೇ ಬರಬೇಕಾಯಿತು. ದಿನಕ್ಕೆ 9, ವಾರಕ್ಕೆ 48 ಗಂಟೆ ಎಂಬ ಲೆಕ್ಕ ಸ್ವಾತಂತ್ರ್ಯ ಬಂದಮೇಲಿನ 1948ರ ಕಾಯ್ದೆಯದು. 2023ರಲ್ಲಿ ನಮ್ಮ ಕರ್ನಾಟಕ ಅದನ್ನು ತಿದ್ದಿ, ವಾರಕ್ಕೆ 48 ಮೀರದಂತೆ ದಿನಕ್ಕೆ 12 ಗಂಟೆವರೆಗೂ ಕೆಲಸ ಕೊಡಲು ದಾರಿ ಮಾಡಿತು. ನಾಲ್ಕು ದಿನ ದುಡಿದು ಮೂರು ದಿನ ಸೂಟಿ ಸಿಗುವುದಾದರೆ ಒಳ್ಳೆಯದೇ. ಹಾಗೆ ಮೂರು ದಿನ ಸೂಟಿ ಪಡೆದವರನ್ನು ನಾನಿನ್ನೂ ಭೇಟಿಯಾಗಿಲ್ಲ.

ಲೋಖಂಡೆಯವರಿಗೆ 1895ರಲ್ಲಿ ಸರಕಾರ ರಾವ್ ಬಹಾದ್ದೂರ್ ಪದವಿ ಕೊಟ್ಟಿತು. ಅದಕ್ಕೂ ಮುಂಚೆ, 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸ್ಲಿಂ ಗಲಭೆ ಎದ್ದಾಗ ರಾಣಿಬಾಗ್‌ನಲ್ಲಿ ದೊಡ್ಡ ಸಭೆ ಸೇರಿಸಿ ಸಮಾಧಾನದ ಕೆಲಸ ಮಾಡಿದ್ದರು. 1896ರ ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲೇಗ್ ಬಂತು. ಚಾಳುಗಳಲ್ಲಿ ಜನ ಸಾಯತೊಡಗಿದರು. ಉಳಿದವರು ಗಂಟು ಮೂಟೆ ಕಟ್ಟಿಕೊಂಡು ಕೊಂಕಣದ ಹಾದಿ ಹಿಡಿದರು. ಲೋಖಂಡೆ ಹೋಗಲಿಲ್ಲ. ರೋಗಿಗಳಿಗಾಗಿ ಮರಾಠಾ ಆಸ್ಪತ್ರೆ ತೆರೆದು ಅಲ್ಲೇ ಓಡಾಡಿದರು. ಅವರಿಗೂ ಪ್ಲೇಗ್ ಅಂಟಿತು. 1897ರ ಫೆಬ್ರುವರಿ 9ರಂದು ತೀರಿಕೊಂಡರು, ವಯಸ್ಸು ಐವತ್ತೂ ತುಂಬಿರಲಿಲ್ಲ. ಒಂದು ತಿಂಗಳ ನಂತರ, ಮಾರ್ಚ್ 10ರಂದು, ಪುಣೆಯಲ್ಲಿ ಪ್ಲೇಗ್ ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆ ಕೂಡ ಅದೇ ರೋಗಕ್ಕೆ ಬಲಿಯಾದರು.

ಆ ಪ್ಲೇಗಿನ ತಿಂಗಳುಗಳಲ್ಲಿ ಮುಂಬಯಿಯ ಗಿರಣಿಗಳಿಗೆ ಕೈಗಳೇ ಸಿಗಲಿಲ್ಲ. ಉಳಿದ ಕೆಲವರನ್ನು ಹಿಡಿದು ತರಲು ಗಿರಣಿ ಗಿರಣಿಗಳ ನಡುವೆ ಪೈಪೋಟಿ ನಡೆದು, ಬೀದಿಯ ಮೂಲೆಗಳಲ್ಲಿ ನಿಂತು ಕೂಲಿ ಹೆಚ್ಚಿಸಿ ಕೂಗುವಂತಾಯಿತು. 15ನೇ ತಾರೀಖಿನೊಳಗೆ ಪಗಾರ ಕೊಡಿ ಎಂಬ ಅರ್ಜಿಗೆ ವರ್ಷಗಟ್ಟಲೆ ಕಾಯಿಸಿದ ಊರಿನಲ್ಲಿ, ಆಗ ದಿನದ ಕೂಲಿಯನ್ನು ಅಂದಂದೇ ಸಂಜೆ ಎಣಿಸಿ ಕೊಡುತ್ತಿದ್ದರು.