ಡಾಕ್ಟರ್ ಪದ್ಮನಾಭನ್ ಪಲ್ಪು ಅವರ ಚರಿತ್ರೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ತರಗುಪೇಟೆ ಎಂಬದು ಧಾನ್ಯದ ವ್ಯಾಪಾರಕ್ಕೆ ಹೆಸರಾದ ಸ್ಥಳವು. ಆ ಪೇಟೆಗಳಲ್ಲಿ ಮನೆಗಳು ಒಂದಕ್ಕೊಂದು ತಗಲಿಕೊಂಡಿದ್ದವು. ಒಳಕೋಣೆಗಳಿಗೆ ಗಾಳಿಯೂ ಬೆಳಕೂ ಸಾಲದು. ಧಾನ್ಯವಿರುವಲ್ಲಿ ಇಲಿಯೂ ಇರುವದು. 1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಪ್ಲೇಗು ಈ ಪಟ್ಟಣವನ್ನು ಹೊಕ್ಕಿತು. ಆ ಸಂಕಟಕಾಲದಲ್ಲಿ ರೋಗಿಗಳ ನಡುವೆ ದುಡಿದ ಒಬ್ಬ ವೈದ್ಯರ ಚರಿತ್ರೆಯನ್ನು ನಾವು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ.

ಪಲ್ಪು ಅವರು 1863ರಲ್ಲಿ ತಿರುವನಂತಪುರದಲ್ಲಿ ಈಳವರ ಕುಲದಲ್ಲಿ ಹುಟ್ಟಿದರು. ವೈದ್ಯವಿದ್ಯೆಯ ಪ್ರವೇಶಪರೀಕ್ಷೆಯಲ್ಲಿ ಅವರು ತೇರ್ಗಡೆಯಾದಾಗ್ಯೂ ಕುಲದ ನಿಮಿತ್ತ ತಿರುವಾಂಕೂರಿನಲ್ಲಿ ಅವರಿಗೆ ಸ್ಥಳ ದೊರೆಯಲಿಲ್ಲ. ಆದದರಿಂದ ಮದರಾಸಿಗೆ ಹೋಗಿ ಅಲ್ಲಿಯ ವೈದ್ಯಶಾಲೆಯಲ್ಲಿ ಕಲಿತರು. ಕಲಿತು ಬಂದ ಮೇಲೆಯೂ ಸ್ವದೇಶದ ಸರಕಾರವು ಅವರಿಗೆ ಕೆಲಸ ಕೊಡಲಿಲ್ಲ. ಹುಟ್ಟಿದ ನಾಡು ಬೇಡವೆಂದವರನ್ನು ಮೈಸೂರು ಸಂಸ್ಥಾನವು ಬರಮಾಡಿಕೊಂಡಿತು. ಹೀಗೆ ಅವರು ಬೆಂಗಳೂರಿನವರಾದರು.

ಪ್ಲೇಗು ಬಂದಾಗ ಉಳ್ಳವರು ಓಡಿಹೋದರು; ಇಲ್ಲದವರು ಉಳಿದರು. ಕಂಕುಳಲ್ಲಾಗಲಿ ತೊಡೆಸಂದಿಯಲ್ಲಾಗಲಿ ಗಡ್ಡೆ ಎದ್ದವನು ಕೆಲವೇ ದಿವಸಗಳಲ್ಲಿ ಸಾಯುತ್ತಿದ್ದನು. ತನಿಖೆಯವರು ಬಂದು ರೋಗಿಯನ್ನು ಶಿಬಿರಕ್ಕೆ ಒಯ್ದಾರೆಂಬ ಭಯದಿಂದ ಮನೆಯವರು ಅವನನ್ನು ಕತ್ತಲೆಯ ಕೋಣೆಯಲ್ಲಿ ಅಡಗಿಸುವದುಂಟು. ಇಂಥ ಕಾಲದಲ್ಲಿ ಪಲ್ಪು ಅವರು ಪ್ರಾಣದಾಸೆಯನ್ನು ಬದಿಗಿಟ್ಟು ಪ್ಲೇಗಿನ ಕೆಲಸದಲ್ಲಿ ನಿಂತರು. ಯಾವನನ್ನು ಮುಟ್ಟಬಾರದೆಂದು ಸ್ವದೇಶದವರು ಎಣಿಸಿದರೋ, ಅವನೇ ಯಾರೂ ಮುಟ್ಟಲೊಲ್ಲದ ರೋಗಿಗಳನ್ನು ಮುಟ್ಟಿದನು.

ಆ ಕಾಲದಲ್ಲಿ ಮನೆಗಳನ್ನು ತೆರವುಮಾಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ನೆಲಕ್ಕೆ ಔಷಧದ ನೀರು ಚೆಲ್ಲಿಸುತ್ತಿದ್ದರು. ಕೇಡು ಮನೆಯೊಳಗೇ ಇದೆ ಎಂದು ಅವರು ಬಲ್ಲರು. ಒಳಗೆ ಎಲ್ಲಿ ಇದೆ ಎಂಬದು ಮಾತ್ರ ನಿಶ್ಚಯವಾಗಿರಲಿಲ್ಲ. ಕೆಲವರು ಗಾಳಿಯನ್ನೂ ಕೆಲವರು ಮಣ್ಣನ್ನೂ ದೂರಿದರು. ರೋಗದ ಕ್ರಿಮಿಯನ್ನು ಯರ್ಸಿನ್ ಎಂಬವರು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡಿದ್ದರು. ಇಲಿಯ ಚಿಗಟವೇ ಅದನ್ನು ಹರಡುವದೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯರು 1898ರಲ್ಲಿಯೇ ಕರಾಚಿಯಲ್ಲಿ ಪರೀಕ್ಷಿಸಿ ಹೇಳಿದರು. ಆದರೆ ಬಹುಮಂದಿ ನಂಬಲಿಲ್ಲ. ಕೆಲವು ವರ್ಷಗಳ ತರುವಾಯ ಬೊಂಬಾಯಿಯಲ್ಲಿ ಶೋಧಕರು ಪ್ಲೇಗಿನಿಂದ ಸತ್ತವರ ಮನೆಗಳೊಳಗೆ ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳನ್ನು ಬಿಟ್ಟು ನೋಡಿದರು. ನೆಲದ ಮೇಲೆ ಓಡಾಡಿದವುಗಳಿಗೆ ಚಿಗಟಗಳು ಹತ್ತಿ ಪ್ಲೇಗು ತಗಲಿತು. ಚಿಗಟವು ಹಾರಲಾರದಷ್ಟು ಎತ್ತರದಲ್ಲಿ ತೂಗಹಾಕಿದ ಪಂಜರಗಳೊಳಗಿನವು ಉಳಿದವು. ಗಾಳಿಯು ಎರಡಕ್ಕೂ ಒಂದೇ ಆಗಿತ್ತು. ಆಗ ಸಂಶಯ ತೀರಿತು. ಮನೆ ಬಿಟ್ಟು ಬೈಲಿಗೆ ಹೋದವರು ಯಾಕೆ ಬದುಕಿದರೆಂಬದೂ ತಿಳಿಯಿತು. ಅವರು ಇಲಿಗಳನ್ನೂ ಚಿಗಟಗಳನ್ನೂ ಹಿಂದೆ ಬಿಟ್ಟು ಹೋಗಿದ್ದರು.

ಪಲ್ಪು ಅವರು ಇಂಗ್ಲೆಂಡಿಗೂ ಹೋಗಿ ಸಾರ್ವಜನಿಕ ಆರೋಗ್ಯದ ವಿದ್ಯೆಯನ್ನು ಕಲಿತು, ಬೆಂಗಳೂರಿನ ಆರೋಗ್ಯಾಧಿಕಾರಿಗಳಾದರು. ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರ ಮುಂತಾದ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದವು. ತಮ್ಮ ಕುಲದವರನ್ನೂ ಅವರು ಮರೆಯಲಿಲ್ಲ. 1896ರಲ್ಲಿ 13,176 ಮಂದಿಯ ರುಜುಗಳುಳ್ಳ ಮನವಿಯನ್ನು ತಿರುವಾಂಕೂರಿನ ಅರಸರಿಗೆ ಒಪ್ಪಿಸಿದರು. 1903ರಲ್ಲಿ ಶ್ರೀ ನಾರಾಯಣ ಗುರುಗಳೊಡನೆ ಧರ್ಮ ಪರಿಪಾಲನ ಯೋಗವನ್ನು ಸ್ಥಾಪಿಸುವದರಲ್ಲಿ ಮುಂದಾಳಾದರು. 1950ನೆಯ ಜನವರಿಯಲ್ಲಿ ತೀರಿಕೊಂಡರು.

ಈ ಚರಿತ್ರೆಯಿಂದ ಕಲಿಯತಕ್ಕದ್ದೇನು? ರೋಗವು ಬಂದಾಗ ನಾವು ನೆರೆಯವನನ್ನೂ ಅವನ ಕುಲವನ್ನೂ ದೂರಲು ಆತುರಪಡುತ್ತೇವೆ. ನಮ್ಮ ಸ್ವಂತ ಮನೆಯ ಮೂಲೆಯನ್ನು ನೋಡುವದಿಲ್ಲ. ಧಾನ್ಯದ ಮೂಟೆಗಳನ್ನು ಗೋಡೆಯಿಂದ ದೂರವಾಗಿ ಹಲಗೆಯ ಮೇಲೆ ಇಡಿರಿ. ಅವುಗಳ ಪಕ್ಕದಲ್ಲಿ ಮಲಗಬೇಡಿರಿ. ಇಲಿಗಳು ತಾವಾಗಿ ಬಿದ್ದು ಸತ್ತರೆ ಬರಿಗೈಯಿಂದ ಮುಟ್ಟದೆ ಆರೋಗ್ಯದವರಿಗೆ ತಿಳಿಸಿರಿ. ಮಳಿಗೆಯಲ್ಲಿ ದುಡಿಯುವ ಹಮಾಲರಿಗೆ ಧಾನ್ಯದ ಧೂಳೂ ಶ್ವಾಸಕೋಶಕ್ಕೆ ಕೇಡಾಗಿದೆ. ಅವರಿಗಾಗಿ ಕಿಟಕಿಗಳನ್ನು ತೆರೆಯಿಸುವದು ಯಜಮಾನರ ಕರ್ತವ್ಯವು. ಪ್ಲೇಗಿಗೆ ಈಗ ಔಷಧವುಂಟು. ಆದರೂ ಮನೆಯೊಳಗೆ ಏನಿದೆ ಎಂದು ದೀಪ ಹಿಡಿದು ನೋಡುವ ಕೆಲಸವು ಇಂದಿಗೂ ಮನೆಯವರದೇ ಆಗಿದೆ.